ಮರವಂತೆಯ ಚಿಕ್ಕವ್ವ, ಮಳವಳ್ಳಿಯ ಮೇಷ್ಟ್ರಮ್ಮ

ನಮ್ಮ ಮಂಡ್ಯ ಸೀಮೆಯವರಿಗೆ ನೀರೆಂದರೆ ನಾಲೆ, ಕೆರೆ, ಹೊಳೆ. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಗದ್ದೆಗೆ ಬಂತೆಂದರೆ ಅದೇ ನಮಗೆ ಹಬ್ಬ. ನಾನು ಹುಟ್ಟಿದ ಮಳವಳ್ಳಿ ತಾಲ್ಲೂಕಿನಲ್ಲಿ ಸಮುದ್ರ ಇರುವುದು ಊರ ಹೆಸರಿನಲ್ಲಿ ಮಾತ್ರ. ಶಿವನಸಮುದ್ರ ಅಂತ ಕರೆದರೂ ಅಲ್ಲಿ ಬೀಳುವುದು ಕಾವೇರಿಯ ನೀರು. ನಲವತ್ತು ದಾಟಿದ ಮೇಲೂ ನಾನು ನಿಜವಾದ ಸಮುದ್ರದ ಮುಂದೆ ನಿಂತದ್ದು ಒಂದೇ ಸಲ, ಅದೂ ಧರ್ಮಸ್ಥಳ, ಉಡುಪಿ ಯಾತ್ರೆಗೆ ಹೋದಾಗ, ಬಸ್ಸಿನವರು ಕೊಟ್ಟ ಅರ್ಧ ಗಂಟೆ.

ಅಂಥ ನಾನು ಹೋದ ವರ್ಷ ದೀಪಾವಳಿ ಕಳೆದ ಮೇಲೆ ಹತ್ತು ದಿನ ಸಮುದ್ರದ ಪಕ್ಕದಲ್ಲಿ ಇದ್ದು ಬಂದೆ. ಹೋದದ್ದು ನೋಡುವುದಕ್ಕಲ್ಲ, ನಮ್ಮ ಚಿಕ್ಕವ್ವನನ್ನು ಕರೆದುಕೊಂಡು ಬರುವುದಕ್ಕೆ.

ಚಿಕ್ಕವ್ವ ನಮ್ಮ ಅವ್ವನ ಕೊನೆಯ ತಂಗಿ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸಾಗಿ ಸೇರಿದವಳಿಗೆ ಕುಂದಾಪುರದ ಕಡೆಗೆ ವರ್ಗವಾಯಿತು. ಆಗ ಅದು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. "ಎರಡು ವರ್ಸ ಇದ್ದು ಬತ್ತೀನಿ" ಅಂತ ಹೋದವಳು ಅಲ್ಲೇ ನೌಕರಿ ಮುಗಿಸಿದಳು. ಚಿಕ್ಕಪ್ಪನೂ ಆ ಕಡೆಗೇ ವರ್ಗ ಮಾಡಿಸಿಕೊಂಡರು. ಮರವಂತೆಯ ಹತ್ತಿರ ನಾಲ್ಕು ತೆಂಗಿನ ಮರವಿರುವ ಜಾಗ ಕೊಂಡು ಹೆಂಚಿನ ಮನೆ ಕಟ್ಟಿದರು. ಚಿಕ್ಕಪ್ಪ ಹೋಗಿ ಆರು ವರ್ಷವಾಯಿತು. ಒಬ್ಬನೇ ಮಗ ಕೆನಡಾದಲ್ಲಿದ್ದಾನೆ. ಎಪ್ಪತ್ಮೂರು ವಯಸ್ಸಿನ ಚಿಕ್ಕವ್ವ ಆ ಮನೆಯಲ್ಲಿ ಒಬ್ಬಳೇ.

ಆಷಾಢದ ಮಳೆಯಲ್ಲಿ ಅಂಗಳದ ಪಾಚಿಗೆ ಕಾಲು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಮನೆಯವರಿಗೆ ತಿಳಿದದ್ದು ನಾಲ್ಕು ದಿನ ಬಿಟ್ಟು. ಮಂಡ್ಯದಲ್ಲಿರುವ ನಮ್ಮಣ್ಣ ಹೌಹಾರಿದ. ಕೆನಡಾದಿಂದ ಮಗ ಫೋನು ಮಾಡಿ ಅತ್ತ. "ಅಲ್ಲಿ ಯಾರವರೆ ಅವಳಿಗೆ? ನಮ್ಮನೇಲಿ ಒಂದು ಕೋಣೆ ಖಾಲಿ ಇದೆ. ನೀನು ಹೋಗಿ ಕರ್ಕೊಂಡು ಬಾ" ಎಂದು ಅಣ್ಣ ನನಗೆ ಹೇಳಿದ. ನಮ್ಮ ಮನೆಯವರೂ "ಹೋಗಿ ಬಾ, ನಾಲ್ಕು ಜನ ಏನಂದಾರು" ಎಂದರು. ನನಗೂ ಅದೇ ಸರಿ ಎನಿಸಿತು.

ಮಂಡ್ಯದಲ್ಲಿ ರಾತ್ರಿ ರೈಲು ಹತ್ತಿದೆ. ಬೆಂಗಳೂರಿನಿಂದ ಹೊರಟು ಮೈಸೂರು, ಹಾಸನ, ಮಂಗಳೂರು ಮಾರ್ಗವಾಗಿ ಮುರ್ಡೇಶ್ವರಕ್ಕೆ ಹೋಗುವ ರೈಲದು. ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಐದು ಸೇರು ರಾಗಿ ಹಿಟ್ಟು, ನಾಲ್ಕು ಅಚ್ಚು ಬೆಲ್ಲ, ಹುಚ್ಚೆಳ್ಳು ಪುಡಿ, ಮದ್ದೂರು ವಡೆ. ಈ ವಡೆಗೊಂದು ಕಥೆ ಇದೆ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಅಂಗಡಿ ಇಟ್ಟಿದ್ದ ರಾಮಚಂದ್ರ ಬುಧ್ಯರು, ರೈಲು ಬರುವ ಅವಸರದಲ್ಲಿ ಪಕೋಡದ ಹಿಟ್ಟನ್ನೇ ತಟ್ಟಿ ಕರಿದದ್ದು ಮದ್ದೂರು ವಡೆಯಾಯಿತಂತೆ. ಅವರು ಕುಂದಾಪುರದ ಕಡೆಯವರು ಎಂದೂ ಹೇಳುತ್ತಾರೆ. ಹಾಗಿದ್ದರೆ ಆ ಊರಿನವರು ನಮ್ಮಲ್ಲಿಗೆ ಬಂದು ವಡೆ ಕೊಟ್ಟರು, ನಾವು ಅವರಿಗೆ ಒಬ್ಬ ನರ್ಸಮ್ಮನನ್ನು ಕಳಿಸಿದೆವು ಎಂದು ನನ್ನಷ್ಟಕ್ಕೆ ನಕ್ಕೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಘಟ್ಟದಲ್ಲಿ ಐವತ್ತೇಳು ಸುರಂಗಗಳಿವೆ. ಒಂದನ್ನೂ ನೋಡಲಾಗಲಿಲ್ಲ, ಎಲ್ಲ ಕತ್ತಲಲ್ಲೇ ಕಳೆಯಿತು. ರೈಲಿನ ಸದ್ದು ಒಮ್ಮೆ ಗುಂಯ್ ಎಂದು ಮುಚ್ಚಿಕೊಂಡು ಮತ್ತೆ ಬಿಚ್ಚಿಕೊಳ್ಳುವುದರಲ್ಲೇ ಸುರಂಗ ಬಂತು, ಹೋಯಿತು ಅಂತ ಗೊತ್ತಾಗುತ್ತಿತ್ತು. ಬೆಳಗಾಗುವ ಹೊತ್ತಿಗೆ ಕಿಟಕಿಯ ಹೊರಗೆ ಅಡಿಕೆ ತೋಟ, ಕೆಂಪು ಮಣ್ಣು. ಮಧ್ಯಾಹ್ನದ ಸುಮಾರಿಗೆ ಕುಂದಾಪುರದಲ್ಲಿ ಇಳಿದು ಬಸ್ಸು ಹಿಡಿದೆ.

ಮರವಂತೆಯನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ಹೆದ್ದಾರಿಯ ಒಂದು ಪಕ್ಕಕ್ಕೆ ಸಮುದ್ರ, ಇನ್ನೊಂದು ಪಕ್ಕಕ್ಕೆ ಸೌಪರ್ಣಿಕಾ ಹೊಳೆ. ನಡುವೆ ರಸ್ತೆಯಷ್ಟೇ ಅಗಲದ ನೆಲ. ಕೊಡಚಾದ್ರಿಯಲ್ಲಿ ಹುಟ್ಟಿ, ಕೊಲ್ಲೂರು ಮೂಕಾಂಬಿಕೆಯ ಊರನ್ನು ಹಾದು ಬರುವ ಈ ಹೊಳೆ ಸಮುದ್ರದ ಮಗ್ಗುಲಿಗೆ ಬಂದು, ಇನ್ನೇನು ಸೇರಿತು ಅನ್ನುವಾಗ, ಸೇರದೆ ತಿರುಗಿ ಗಂಗೊಳ್ಳಿಯ ಕಡೆ ನಡೆಯುತ್ತದೆ. ಬಸ್ಸಿನಲ್ಲಿ ಎಡಕ್ಕೆ ನೋಡಲೋ ಬಲಕ್ಕೆ ನೋಡಲೋ ತಿಳಿಯದೆ ನಾನು ಕತ್ತು ತಿರುಗಿಸುತ್ತಲೇ ಇದ್ದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ನಕ್ಕು "ಹೊಸಬ್ರಾ?" ಎಂದರು.

ಚಿಕ್ಕವ್ವ ಗೇಟಿನ ಹತ್ತಿರವೇ ನಿಂತಿದ್ದಳು. ಕೈಯ ಕಟ್ಟು ಬಿಚ್ಚಿಯಾಗಿತ್ತು. ಸ್ವಲ್ಪ ಬಡವಾಗಿದ್ದಳು, ಆದರೆ ಗಂಟಲು ಮಾತ್ರ ಹಳೆಯದೇ. "ಬಾ ಅಮ್ಮಿ, ಕೈಕಾಲು ತೊಳ್ಕೊ. ಮೂರು ಗಂಟೆಗೆ ಮುಂಚೆ ಉಂಡುಬುಡು, ಆಮೇಲೆ ನಂಗೆ ಪುರುಸೊತ್ತಿಲ್ಲ" ಎಂದಳು. ನಾನು ಬೆರಗಾದೆ. ನಿವೃತ್ತಿಯಾದ ಒಂಟಿ ಹೆಂಗಸಿಗೆ ಪುರುಸೊತ್ತಿಲ್ಲದಂಥ ಕೆಲಸ ಏನು?

ಮೂರು ಗಂಟೆಗೆ ತಿಳಿಯಿತು. ಚಿಕ್ಕವ್ವ ಚಾಪೆ ಹಾಸಿ, ಸೀಮೆಸುಣ್ಣದಲ್ಲಿ ಐದೈದರ ಇಪ್ಪತ್ತೈದು ಮನೆ ಬರೆದಿದ್ದ ಹಲಗೆ ಇಟ್ಟುಕೊಂಡು, ಬಟ್ಟಲಿನಿಂದ ನಾಲ್ಕು ಕವಡೆ ತೆಗೆದಳು. ಪಕ್ಕದಲ್ಲಿ ಫೋನು. ಆ ಕಡೆಯಿಂದ "ನಿನ್ನೆ ನಿಲ್ಲಿಸಿದ್ದು ಎಲ್ಲಿಗೆ? ನನ್ನ ಕೆಂಪು ಕಾಯಿ ಕಟ್ಟೆ ಮನೇಲಿತ್ತು, ಜ್ಞಾಪಕ ಇರಲಿ" ಎಂಬ ದನಿ ಬಂತು. ಅದು ಮಳವಳ್ಳಿಯ ಮೇಷ್ಟ್ರಮ್ಮ! ನನಗೆ ಮೂರನೆಯ ಕ್ಲಾಸಿನಲ್ಲಿ ಮಗ್ಗಿ ಹೇಳಿಕೊಟ್ಟವರು. ಚಿಕ್ಕವ್ವನೂ ಅವರೂ ಒಂದೇ ಬೀದಿಯಲ್ಲಿ ಬೆಳೆದ ಗೆಳತಿಯರು. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಒಂದೊಂದು ಚೌಕಾಬಾರದ ಹಲಗೆ ಇಟ್ಟುಕೊಂಡು ಫೋನಿನಲ್ಲೇ ಆಡುತ್ತಾರೆ. ಇವಳು ಕವಡೆ ಎಸೆದು "ಮೂರು" ಅಂದರೆ ಅವರು ಅಲ್ಲಿ ಇವಳ ಕಾಯಿಯನ್ನು ಮೂರು ಮನೆ ನಡೆಸಬೇಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು. ಎರಡಕ್ಕೂ ಮತ್ತೊಂದು ಸಲ ಎಸೆಯಬಹುದು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ. ಬಿದ್ದದ್ದು ಎಷ್ಟು ಎಂದು ಆ ಕಡೆಯವರಿಗೆ ಕಾಣದು. ಹೇಳಿದ್ದೇ ಸತ್ಯ.

"ಸುಳ್ಳು ಹೇಳಿದರೆ?" ಎಂದೆ.

"ಹೇಳ್ತಾಳೆ! ಶುಕ್ರವಾರ ಶುಕ್ರವಾರ ಅವಳಿಗೆ ಬರೀ ಚೌಕಾನೇ ಬೀಳೋದು" ಎಂದಳು ಚಿಕ್ಕವ್ವ, ಫೋನಿಗೆ ಕೇಳುವಂತೆ. ಆ ಕಡೆ ಮೇಷ್ಟ್ರಮ್ಮ ಗದರಿದ್ದು ನನಗೂ ಕೇಳಿಸಿತು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಮಣೆಯಾಟಗಳೆಂದರೆ ಪ್ರಾಣವಂತೆ. ಹೊಸ ಆಟಗಳನ್ನೇ ಕಟ್ಟಿದ್ದರು. ಅವರು ಮಾಡಿಸಿದ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೆಂದೇ ಒಂದು ಭಾಗವಿದೆ. ಆದರೆ ಎದುರಾಳಿ ನಾನೂರು ಕಿಲೋಮೀಟರು ದೂರ ಕುಳಿತು ಆಡುವ ಈ ಆಟ ಮಹಾರಾಜರಿಗೂ ಹೊಳೆದಿರಲಾರದು!

ಮರುದಿನದಿಂದ ನಾನು ಚಿಕ್ಕವ್ವನ ದಿನಚರಿಯನ್ನು ಗಮನಿಸತೊಡಗಿದೆ. ಐದೂವರೆಗೆ ಎದ್ದು ಕಾಫಿ. ಬೆಳಕು ಹರಿದ ಮೇಲೆ ಪಕ್ಕದ ಮನೆಯ ಅಕ್ಕನ ಜೊತೆ ದಂಡೆಯ ಉದ್ದಕ್ಕೆ ನಡಿಗೆ. ಆ ಅಕ್ಕ ಮೀನುಗಾರರ ಮನೆಯವರು. ಜೂನ್ ಮತ್ತು ಜುಲೈ ಎರಡು ತಿಂಗಳು ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮರಿ ಮಾಡುವ ಕಾಲ ಎಂದು ನನಗೆ ತಿಳಿಸಿದವರು ಅವರೇ. ಮಳೆಗಾಲದಲ್ಲಿ ಕಡಲು ದಂಡೆಯನ್ನು ಕೊರೆಯುತ್ತದೆಂದು ಸುರಿದಿರುವ ದೊಡ್ಡ ದೊಡ್ಡ ಕಲ್ಲುಗಳ ಮೇಲೆ ಕುಳಿತು ಇಬ್ಬರೂ ಅರ್ಧ ಗಂಟೆ ಮಾತಾಡುತ್ತಾರೆ. ಕೆಲವು ದಿನ ಮಾತೂ ಇಲ್ಲ, ಸುಮ್ಮನೆ ನೋಡುತ್ತಾರೆ. ಹೊಳೆಯ ಮಗ್ಗುಲಿನ ವರಾಹ ಮಹಾರಾಜಸ್ವಾಮಿ ದೇವಸ್ಥಾನಕ್ಕೆ ಕೈಮುಗಿದು ಮನೆಗೆ.

ಹನ್ನೊಂದಕ್ಕೆ ಧಾರವಾಡದ ಫೋನು. ಜೊತೆಯಲ್ಲಿ ಕೆಲಸ ಮಾಡಿದ ನರ್ಸಮ್ಮ ಈಗ ಮೊಮ್ಮಕ್ಕಳೊಡನೆ ಅಲ್ಲಿದ್ದಾರೆ. ಅವರಿಗೆ ಕಣ್ಣು ಮಂಜು, ಹಾಗಾಗಿ ಚಿಕ್ಕವ್ವ ಪತ್ರಿಕೆಯ ಸುದ್ದಿ ಓದಿ ಹೇಳುತ್ತಾಳೆ. ಮೂರಕ್ಕೆ ಮಳವಳ್ಳಿ. ಸಂಜೆ ಪಕ್ಕದ ಅಕ್ಕನೊಡನೆ ಚೆನ್ನೆಮಣೆ. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ನಮ್ಮ ಅಳಿಗುಳಿಮಣೆಯ ಅಕ್ಕತಂಗಿ. ಅಲ್ಲಿಯವರು ಕೆಂಪು ಮಂಜೊಟ್ಟಿ ಬೀಜ ಹಾಕಿದರೆ ನಮ್ಮ ಚಿಕ್ಕವ್ವನಿಗೆ ಹುಣಸೆ ಬೀಜವೇ ಆಗಬೇಕು. ರಾತ್ರಿ ಮಲಗುವ ಮುಂಚೆ ಮಸ್ಕತ್ತಿನಿಂದ ಒಂದು ದನಿ ಸಂದೇಶ. ಚಿಕ್ಕವ್ವ ಹೆರಿಗೆ ಮಾಡಿಸಿದ ಕೂಸು ಈಗ ಅಲ್ಲಿ ಎರಡು ಮಕ್ಕಳ ತಾಯಿ, "ನರ್ಸಮ್ಮ, ಮಲಗಿದಿರಾ?" ಎಂದು ದಿನಾ ಕೇಳುತ್ತಾಳಂತೆ.

ಮಂಚದ ಕೆಳಗೆ ಒಂದು ಟ್ರಂಕಿದೆ. ಫೋನು ಇಲ್ಲದ ಕಾಲದ ಇನ್‌ಲ್ಯಾಂಡ್ ಪತ್ರಗಳು ಅದರ ತುಂಬ. ಮೇಷ್ಟ್ರಮ್ಮನ ದುಂಡು ಅಕ್ಷರ ನೋಡಿದ ಕೂಡಲೇ ಗುರುತು ಹಿಡಿದೆ. ನಾಲೆಗೆ ನೀರು ಬಿಟ್ಟದ್ದು, ಕಬ್ಬು ಕಡಿದದ್ದು, ನನ್ನ ಮದುವೆಯ ಊಟದಲ್ಲಿ ಪಾಯಸ ಸೀದದ್ದು ಎಲ್ಲ ಆ ಪತ್ರಗಳಲ್ಲಿತ್ತು. ನಾವು "ಅಲ್ಲಿ ಯಾರವರೆ ಅವಳಿಗೆ" ಎಂದಿದ್ದೆವಲ್ಲ! ನಮ್ಮೂರಿನ ಸುದ್ದಿ ನನಗಿಂತ ಅವಳಿಗೇ ಹೆಚ್ಚು ಗೊತ್ತಿತ್ತು.

ನಾನು ಒಯ್ದ ಬೆಲ್ಲ ಮತ್ತು ರಾಗಿ ನೋಡಿದ ದಿನವೇ ಹಾಲುಬಾಯಿ ಆಯಿತು. ಆ ಕಡೆ ಅಕ್ಕಿಯಲ್ಲಿ ಮಾಡುತ್ತಾರೆ. ಪಕ್ಕದ ಅಕ್ಕನಿಂದ ಅಕ್ಕಿಯದು ಕಲಿತ ಚಿಕ್ಕವ್ವ ಅವರಿಗೆ ರಾಗಿಯದು ಕಲಿಸಿದ್ದಾಳೆ. ಒಂದು ಲೋಟ ರಾಗಿಯನ್ನು ರಾತ್ರಿ ನೆನೆಹಾಕಿ, ಒಂದು ಲೋಟ ತೆಂಗಿನ ತುರಿಯ ಜೊತೆ ನುಣ್ಣಗೆ ರುಬ್ಬಿ, ನೀರು ಬೆರೆಸಿ ಬಟ್ಟೆಯಲ್ಲಿ ಎರಡು ಮೂರು ಸಲ ಹಾಲು ಹಿಂಡಿಕೊಳ್ಳಬೇಕು. ಒಂದೂವರೆ ಲೋಟ ಬೆಲ್ಲವನ್ನು ಕರಗಿಸಿ ಸೋಸಿ, ಹಾಲಿಗೆ ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಗಟ್ಟಿಯಾಗುತ್ತ ಬಂದಾಗ ಎರಡು ಚಮಚ ತುಪ್ಪ, ಏಲಕ್ಕಿ ಪುಡಿ. ಪಾತ್ರೆಯ ತಳ ಬಿಟ್ಟು ಮುದ್ದೆಯಂತೆ ಎದ್ದು ಬಂದರೆ ತುಪ್ಪ ಸವರಿದ ತಟ್ಟೆಗೆ ಸುರಿದು, ಆರಿದ ಮೇಲೆ ಕತ್ತರಿಸುವುದು. ತಿರುವುವ ಕೆಲಸ ಚಿಕ್ಕವ್ವನ ಕೈಗೆ ಇನ್ನೂ ಆಗದು. ಪಕ್ಕದ ಅಕ್ಕ ಯಾರೂ ಕರೆಯದೆ ಬಂದು ಸೌಟು ಕೈಗೆ ತೆಗೆದುಕೊಂಡರು. ತಿರುವುತ್ತಲೇ ನನ್ನ ಮುಖ ನೋಡದೆ ಕೇಳಿದರು: "ನರ್ಸಮ್ಮನ್ ಕರ್ಕಂಡ್ ಹ್ವಾಪುಕೆ ಬಂದದ್ದಾ?"

ನನಗೆ ಉತ್ತರ ಹೊರಡಲಿಲ್ಲ.

ಆ ಸಂಜೆ ಅವರೇ ಬಿದ್ದ ದಿನದ ಕಥೆ ಹೇಳಿದರು. ಚಿಕ್ಕವ್ವ ಬಿದ್ದದ್ದು ಎರಡೂವರೆಗೆ. ಮಳೆಯ ಸದ್ದಿನಲ್ಲಿ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಮೂರು ಗಂಟೆಗೆ ಮಳವಳ್ಳಿಯಿಂದ ಫೋನು ಬಂತು, ಎತ್ತುವವರಿಲ್ಲ. ಮೂರೂ ಹತ್ತಕ್ಕೆ ಮತ್ತೆ. ಮೂರೂ ಕಾಲಿಗೆ ಮೇಷ್ಟ್ರಮ್ಮ ಪಕ್ಕದ ಮನೆಗೇ ಫೋನು ಮಾಡಿ "ಅವಳು ಆಟ ತಪ್ಪಿಸುವವಳಲ್ಲ, ಓಡಿ ಹೋಗಿ ನೋಡಿ" ಎಂದರಂತೆ. ಮುಕ್ಕಾಲು ಗಂಟೆ ಮಳೆಯಲ್ಲಿ ಬಿದ್ದಿದ್ದವಳನ್ನು ಎತ್ತಿ, ಆಟೋದಲ್ಲಿ ಕುಂದಾಪುರದ ಆಸ್ಪತ್ರೆಗೆ ಒಯ್ದರು. ಆ ರಾತ್ರಿ ಜೊತೆಗೆ ಮಲಗಿದವರೂ ಅವರೇ. ನೂರು ಹೆಜ್ಜೆಯ ದೂರದಲ್ಲಿದ್ದವರಿಗಿಂತ ಮೊದಲು ನಾನೂರು ಕಿಲೋಮೀಟರು ದೂರದವರಿಗೆ ತಿಳಿಯಿತು. ದೂರದವರು ಕೂಗಿದ್ದಕ್ಕೆ ಹತ್ತಿರದವರು ಓಡಿದರು. ಎರಡರಲ್ಲಿ ಒಂದು ಇಲ್ಲದಿದ್ದರೂ ಏನಾಗುತ್ತಿತ್ತೋ. ರಕ್ತಸಂಬಂಧಿಗಳಾದ ನಾವು ಎರಡು ವಾರಕ್ಕೊಮ್ಮೆ ಫೋನು ಮಾಡಿ "ಚೆನ್ನಾಗಿದ್ದೀಯಾ? ಸರಿ, ಇಡ್ತೀನಿ" ಅನ್ನುವವರು. ಆ ರಾತ್ರಿ ನಾಚಿಕೆಯಿಂದ ನಿದ್ದೆ ಬರಲಿಲ್ಲ.

ಆದರೂ ಬಂದ ಕೆಲಸ ಮಾಡಬೇಕಲ್ಲ. ಎಂಟನೆಯ ದಿನ ಕಲ್ಲುಗಳ ಮೇಲೆ ಕುಳಿತಾಗ ಕೇಳಿದೆ: "ಬಾ ಚಿಕ್ಕವ್ವ, ನಮ್ಮೂರಿಗೆ ಹೋಗೋಣ. ಮತ್ತೆ ಬಿದ್ದರೆ ಏನು ಗತಿ?"

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: "ಬಿದ್ರೆ ಬಿದ್ದೆ ಕಣಮ್ಮಿ. ಮಂಡ್ಯದಲ್ಲಿ ಬಚ್ಚಲು ಜಾರಾಕಿಲ್ವಾ? ನಿಮ್ಮಣ್ಣ ಒಳ್ಳೆಯವ್ನು, ಕೋಣೆ ಕೊಡ್ತಾನೆ. ಬೆಳಗ್ಗೆ ಅವನು ಕೆಲಸಕ್ಕೆ ಹೋಯ್ತಾನೆ, ಅವನ ಹೆಂಡ್ತೀನೂ ಹೋಯ್ತಾಳೆ, ಮಕ್ಕಳು ಕಾಲೇಜಿಗೆ. ನಾನು ಟೀವಿ ಮುಂದೆ ಕೂತ್ಕಂಡು ಸಾಯಂಕಾಲ ಆಗೋದನ್ನ ಕಾಯ್ಬೇಕು. ಇಲ್ಲಿ ಸಾಯಂಕಾಲ ತಾನಾಗಿ ಆಯ್ತದೆ." ಮತ್ತೆ ತಾನೇ ಮುಂದುವರಿಸಿದಳು: "ಭಯ ಇಲ್ಲ ಅಂತ ಅಲ್ಲ. ರಾತ್ರಿ ಗಾಳಿ ಬೀಸಿದ್ರೆ ಭಯಾನೇ. ಕೈಲಿ ಆಗ್ದಿದ್ದ ದಿವಸ ನಾನೇ ಹೇಳಿ ಕಳಿಸ್ತೀನಿ, ಆಗ ಬಂದು ಕರ್ಕೊಂಡು ಹೋಗು. ನಾಚ್ಕೆ ಪಡಾಕಿಲ್ಲ. ಆದ್ರೆ ಆ ದಿವಸ ಇನ್ನೂ ಬಂದಿಲ್ಲ." ಕೊನೆಗೆ ನಕ್ಕು, "ಕಾವೇರಿ ಮೂಡಣ ಕಡಲಿಗೆ ಹೋದ್ಲು, ನಾನು ಪಡುವಣಕ್ಕೆ ಬಂದೆ. ಇಬ್ರನ್ನೂ ಹಿಂದಕ್ಕೆ ತಿರುಗಿಸಾಕಾಯ್ತದಾ?" ಎಂದಳು.

ನಾನು ಮತ್ತೆ ಕೇಳಲಿಲ್ಲ. ಉಳಿದ ಎರಡು ದಿನ ಬೇರೆ ಕೆಲಸ ಮಾಡಿದೆ. ಅಂಗಳದ ಪಾಚಿ ಕೆರೆಸಿ, ನಡೆಯುವ ಕಡೆ ಒರಟು ಕಲ್ಲು ಹಾಸಿಸಿದೆ. ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಕಬ್ಬಿಣದ ಸಲಾಕೆ ಹಾಕಿಸಿದೆ. ಮನೆಯ ಇನ್ನೊಂದು ಬೀಗದ ಕೈ ಪಕ್ಕದ ಅಕ್ಕನ ಕೈಗೆ ಕೊಟ್ಟೆ. ದಪ್ಪ ಅಕ್ಷರದಲ್ಲಿ ಫೋನ್ ನಂಬರುಗಳನ್ನು ಬರೆದು ಗೋಡೆಗೆ ಅಂಟಿಸಿದೆ. ಅದರಲ್ಲಿ ಮೊದಲನೆಯದು ಪಕ್ಕದ ಮನೆಯದು, ಎರಡನೆಯದು ಮೇಷ್ಟ್ರಮ್ಮನದು, ನಮ್ಮದು ಮೂರನೆಯದು. ಬೆಳಗ್ಗೆ ಎದ್ದ ಕೂಡಲೇ ನನಗೆ ಒಂದು ರಿಂಗು ಕೊಡಬೇಕೆಂದು ಮಾತು ತೆಗೆದುಕೊಂಡೆ. ವಯಸ್ಸಾದವರು ದೂರದಲ್ಲಿರುವ ಮನೆಯವರೆಲ್ಲ ಮಾಡಬಹುದಾದ ಕೆಲಸಗಳಿವು, ಹೆಚ್ಚಿನ ಖರ್ಚಿಲ್ಲ.

ಊರಿಗೆ ಬಂದಾಗ ಅಣ್ಣ ಸಿಟ್ಟಾದ. "ಕಳಿಸಿದ್ದು ಯಾತಕ್ಕೆ, ನೀನು ಮಾಡಿದ್ದೇನು?" ಎಂದ. ಎಲ್ಲವನ್ನೂ ಹೇಳಿದೆ. ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೆ ಈಗ ಭಾನುವಾರ ಭಾನುವಾರ ಅವನೂ ಫೋನು ಮಾಡುತ್ತಾನೆ, ಅರ್ಧ ಗಂಟೆ ಮಾತಾಡುತ್ತಾನೆ.

ಇನ್ನೊಂದು ವಿಷಯ ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಚಿಕ್ಕವ್ವ ಮೇಷ್ಟ್ರಮ್ಮನಿಗೆಂದು ಒಂದು ಡಬ್ಬಿ ಹಾಲುಬಾಯಿ ಕೊಟ್ಟಿದ್ದಳು. ಅದನ್ನು ಕೊಡಲು ಮದ್ದೂರಿನಿಂದ ಮಳವಳ್ಳಿಯ ಬಸ್ಸು ಹತ್ತಿದೆ. ಇಪ್ಪತ್ತೈದು ಕಿಲೋಮೀಟರಿನ ದಾರಿ. ನಾನು ಅವರ ಮನೆಗೆ ಹೋಗಿ ಎಂಟು ವರ್ಷವಾಗಿತ್ತು! ಮನೆ ತುಂಬ ಜನ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಒಳ್ಳೆಯವರೇ. ಆದರೆ ಅವರವರ ಕೆಲಸ ಅವರವರಿಗೆ. ಮೇಷ್ಟ್ರಮ್ಮ ಹಿಂದಿನ ಕೋಣೆಯಲ್ಲಿ ಹಲಗೆಯ ಮುಂದೆ ಕುಳಿತು ಗೋಡೆ ಗಡಿಯಾರ ನೋಡುತ್ತಿದ್ದರು. ಎರಡೂ ನಲವತ್ತಾಗಿತ್ತು. ನನ್ನನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. "ನಿನ್ನ ಚಿಕ್ಕವ್ವನ್ನ ಮಂಡ್ಯಕ್ಕೆ ಕರ್ಕೊಂಡು ಬತ್ತೀರಿ ಅಂತ ಕೇಳ್ದೆ. ನನಗೆ ಸಂತೋಷಾನೇ ಆಗ್ಬೇಕಿತ್ತು. ಆದ್ರೆ ಅವಳು ಅಲ್ಲಿಂದ ಬಂದ್ರೆ ನನಗೆ ಆ ಸಮುದ್ರ ಯಾರು ಕೇಳಿಸ್ತಾರೆ?" ಎಂದರು. ಆಟದ ನಡುವೆ ಚಿಕ್ಕವ್ವ ಫೋನನ್ನು ಕಿಟಕಿಯಲ್ಲಿ ಇಟ್ಟು ಅಲೆಯ ಸದ್ದು ಕೇಳಿಸುತ್ತಾಳಂತೆ. ಮೇಷ್ಟ್ರಮ್ಮ ಸಮುದ್ರವನ್ನು ಕಣ್ಣಿನಿಂದ ಕಂಡವರೇ ಅಲ್ಲ.

ಒಂಟಿಯಾಗಿರುವವಳು ಕಡಲ ದಂಡೆಯಲ್ಲಿದ್ದಾಳೆ ಎಂದು ರೈಲು ಹತ್ತಿ ಹೋಗಿದ್ದೆ. ಒಂಟಿತನ ಮಳವಳ್ಳಿಯಲ್ಲಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿಯಲ್ಲಿ, ತುಂಬಿದ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತಿತ್ತು.

ಈಗ ಮಂಗಳವಾರಗಳಲ್ಲಿ ಮನೆಗೆಲಸ ಬೇಗ ಮುಗಿಸಿ ಮಳವಳ್ಳಿಗೆ ಹೋಗುತ್ತೇನೆ. ಮಾಘ ಮಾಸ ಕಳೆದ ಮೇಲೆ ಮೇಷ್ಟ್ರಮ್ಮನನ್ನು ಮರವಂತೆಗೆ ಕರೆದುಕೊಂಡು ಹೋಗುವುದೆಂದು ಅವರ ಮಗನ ಒಪ್ಪಿಗೆಯೂ ಸಿಕ್ಕಿದೆ. ಅಲ್ಲಿಯವರೆಗೆ ನನಗೊಂದು ಕೆಲಸ ಅಂಟಿದೆ. ಹೋದ ವಾರ ಮೇಷ್ಟ್ರಮ್ಮ ಕವಡೆ ಎಸೆದು "ಚೌಕ" ಎಂದ ಕೂಡಲೇ ಆ ಕಡೆಯಿಂದ ಚಿಕ್ಕವ್ವ ಕೂಗಿದಳು: "ಅಮ್ಮಿ, ನೀನು ಪಕ್ಕದಲ್ಲೇ ಇದ್ದೀಯಲ್ಲ, ನಿಜ ಹೇಳು, ಎಷ್ಟು ಬಿತ್ತು?"

ಬಿದ್ದದ್ದು ಮೂರು. ಮೇಷ್ಟ್ರಮ್ಮ ನನ್ನ ಮುಖ ನೋಡಿದರು. ಮಗ್ಗಿ ಕಲಿಸಿದ ಗುರುಗಳು.

"ಚೌಕಾನೇ ಚಿಕ್ಕವ್ವ" ಎಂದೆ.